ಹೊಟ್ಟೆಗೊಂದು ರಜೆ

ಯಾವ ಕಾಯಿಲೆಗೆ ಎಷ್ಟು ದಿನ ಮಲಗಬಹುದು ಎಂಬುದನ್ನು ವೈದ್ಯರಿಗಿಂತ ಮೊದಲು ಊರು ತೀರ್ಮಾನಿಸಿರುತ್ತದೆ. ಹೆರಿಗೆಯಾದವಳಿಗೆ ನಲವತ್ತು ದಿನಗಳ ಬಾಣಂತನ, ಕಾಲು ಮುರಿದವನಿಗೆ ಪ್ಲಾಸ್ಟರ್ ಬಿಚ್ಚುವ ತನಕ ಜಗಲಿಯ ಆರಾಮಕುರ್ಚಿ, ಚಿಕನ್‌ಪಾಕ್ಸ್ ಬಂದವರಿಗೆ ಬೇವಿನೆಲೆಯ ನೀರಿನ ಸ್ನಾನವಾಗುವವರೆಗಿನ ಏಕಾಂತ, ಇವೆಲ್ಲ ಯಾರೂ ಬರೆದಿಡದಿದ್ದರೂ ಯಾರೂ ಮೀರದ ರಜಾ ನಿಯಮಗಳು. ಈ ಪಟ್ಟಿಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಇನ್ನೂ ಜಾಗ ಸಿಕ್ಕಿಲ್ಲ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಅದನ್ನು ಮಾಡಿಸಿಕೊಂಡು ಬಂದವರು ಕೇಳಿದವರಿಗೆಲ್ಲ ಹರ್ನಿಯಾ ಎಂದೋ ಪಿತ್ತಕೋಶದ ಕಲ್ಲು ಎಂದೋ ಹೇಳಿ ಮಾತು ಮುಗಿಸುವುದುಂಟು. ಅದು ಸುಳ್ಳು ಹೇಳುವ ಚಪಲವಲ್ಲ, ಹರ್ನಿಯಾಕ್ಕೆ ಸಿಗುವ ರಜೆಯೂ ಮರ್ಯಾದೆಯೂ ಬೊಜ್ಜಿಗೆ ಸಿಗುವುದಿಲ್ಲವೆಂಬ ತಿಳಿವಳಿಕೆ. ಹರ್ನಿಯಾ ದೇವರು ಕೊಟ್ಟದ್ದು, ಬೊಜ್ಜು ತಿಂದು ಬರಿಸಿಕೊಂಡದ್ದು ಎಂಬ ತೀರ್ಪು ಊರಿನ ಮನಸ್ಸಿನಲ್ಲಿ ಯಾವಾಗಲೋ ಬರೆದಾಗಿದೆ.

ಎಡನೀರಿನಂಥ ಊರಿನಲ್ಲಿಟ್ಟು ಈ ಸಂಗತಿಯನ್ನು ನೋಡುವುದಕ್ಕೆ ಕಾರಣವಿದೆ. ಕಾಸರಗೋಡು ಜಿಲ್ಲೆಯ ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕದ ಕಡೆಗೆ ತಿರುಗಿದರೆ ಸಿಗುವ, ಮಧುವಾಹಿನಿ ಹೊಳೆಯ ಬದಿಯ ಈ ಊರು ತೋಟಕಾಚಾರ್ಯ ಪರಂಪರೆಯ ಅದ್ವೈತ ಮಠಕ್ಕೆ, ಅದು ಪೋಷಿಸಿಕೊಂಡು ಬಂದ ಸಂಗೀತ ಮತ್ತು ಯಕ್ಷಗಾನಕ್ಕೆ ಹೆಸರಾದದ್ದು. ಮಠದ ಹಿಂದಿನ ಯತಿಗಳಾದ ಕೇಶವಾನಂದ ಭಾರತೀ ಸ್ವಾಮೀಜಿಯವರು ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳ ಪೀಠವು 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದು ಸಾರಿತು. ಹೊಟ್ಟೆಯ ಮೂಲ ಸಂರಚನೆಯನ್ನೇ ತಿದ್ದುವ ಶಸ್ತ್ರಚಿಕಿತ್ಸೆಗೆ ಅಂಥ ತಡೆಯೊಂದೂ ಇಲ್ಲ. ರೋಗಿಯ ಸಹಿ, ಅರಿವಳಿಕೆ ವೈದ್ಯರ ಒಪ್ಪಿಗೆ, ವಿಮಾ ಕಂಪನಿಯ ಅನುಮತಿ, ಇಷ್ಟಾದರೆ ತಿದ್ದುಪಡಿ ಅಂಗೀಕಾರವಾದಂತೆಯೇ ಸರಿ.

ವಿಶ್ರಾಂತಿಯನ್ನು ಕ್ರಮಬದ್ಧವಾಗಿ ಆಚರಿಸುವ ರೂಢಿ ಈ ನಾಡಿಗೆ ಹೊಸದಲ್ಲ ಎಂಬುದೂ ಇಲ್ಲಿ ಗಮನಿಸತಕ್ಕದ್ದು. ಊರಿಂದೂರಿಗೆ ಸಂಚರಿಸುವುದೇ ಧರ್ಮವಾದ ಸಂನ್ಯಾಸಿಗೆ ಮಳೆಗಾಲದಲ್ಲಿ ಒಂದೇ ಕಡೆ ನೆಲೆನಿಲ್ಲುವ ಚಾತುರ್ಮಾಸ್ಯವಿದೆ. ಆಷಾಢ ಹುಣ್ಣಿಮೆಯ ವ್ಯಾಸಪೂಜೆಯಿಂದ ಮೊದಲಾಗುವ ಈ ವ್ರತವನ್ನು ಪಕ್ಷವನ್ನೇ ಮಾಸವೆಂದು ಎಣಿಸಿ ನಾಲ್ಕು ಪಕ್ಷಗಳಲ್ಲಿ, ಭಾದ್ರಪದದ ಹುಣ್ಣಿಮೆಗೆ ಮುಗಿಸುವುದು ಅನೇಕ ಮಠಗಳ ವಾಡಿಕೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನಿಲ್ಲುತ್ತದೆ. ಆಟಿಯ ಅಮಾವಾಸ್ಯೆಯಂದು ಬೆಳಗಿನ ಜಾವ ಹಾಲೆ ಮರದ ತೊಗಟೆಯ ಕಹಿ ಕಷಾಯ, ಅದೇ ತಿಂಗಳನ್ನು ಕರ್ಕಾಟಕವೆಂದು ಕರೆಯುವ ಮಲಯಾಳಿ ಮನೆಗಳಲ್ಲಿ ಔಷಧದ ಗಂಜಿ. ಯತಿಗೂ ವೇಷಧಾರಿಗೂ ದೈವಕ್ಕೂ ರಜೆ ಕೊಟ್ಟಿರುವ ಪಂಚಾಂಗ ಅದು. ಗುಮಾಸ್ತನ ಹೊಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಅದು ಬಾಯಿ ಬಿಡುವುದಿಲ್ಲ.

ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ, ಏಕೆಂದರೆ ರಜೆಯ ಪ್ರಶ್ನೆ ಹುಟ್ಟುವುದೇ ಅದರಿಂದ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ವೈದ್ಯರು ಕರೆಯುವ ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರವನ್ನು ಉದ್ದಕ್ಕೆ ಸೀಳಿ, ನಾಲ್ಕರಲ್ಲಿ ಸುಮಾರು ಮೂರು ಪಾಲನ್ನು ತೆಗೆದುಹಾಕಿ, ಉಳಿದ ಅಂಚನ್ನು ಸಣ್ಣ ಲೋಹದ ಪಿನ್ನುಗಳ ಸಾಲಿನಿಂದ ಬಿಗಿಯುತ್ತಾರೆ. ಲೀಟರಿಗೂ ಮಿಕ್ಕಿ ಹಿಡಿಯುತ್ತಿದ್ದ ಚೀಲ ಒಂದು ನೇಂದ್ರ ಬಾಳೆಕಾಯಿಯ ಆಕಾರಕ್ಕೂ ಗಾತ್ರಕ್ಕೂ ಇಳಿಯುತ್ತದೆ. ಬೈಪಾಸ್ ಎಂಬುದರಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ, ಆಹಾರವು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಕೆಳಗಿಳಿಯುತ್ತದೆ. ಕರುಳನ್ನು ಹೀಗೆ ಜೋಡಿಸುವ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೀಸರ್ ರೂ ಅವರ ಹೆಸರಿದೆ. ಜಠರದ ಬೈಪಾಸನ್ನು ಬೊಜ್ಜಿನ ಚಿಕಿತ್ಸೆಗಾಗಿ ಬಳಸಿಕೊಂಡವರಲ್ಲಿ ಮೊದಲಿಗರು ಅಮೆರಿಕದ ಅಯೋವಾದಲ್ಲಿ 1960ರ ದಶಕದಲ್ಲಿ ಕೆಲಸ ಮಾಡಿದ ಎಡ್ವರ್ಡ್ ಮೇಸನ್. ಈಗ ಇದೆಲ್ಲವೂ ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು ಕೊರೆದು, ಒಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಕ್ಯಾಮೆರಾದಲ್ಲಿ ನೋಡುತ್ತಾ ನಡೆಯುವ ಕೆಲಸ.

ಇದಕ್ಕೂ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್‌ಗೂ ಸಂಬಂಧವಿಲ್ಲವೆಂಬುದನ್ನು ಒತ್ತಿ ಹೇಳಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡಾಗ, ಮನೆಮನೆಯ ಮಾತುಕತೆಯಲ್ಲಿ ಎರಡೂ ಒಂದೇ ಆಗಿಹೋದವು. ಒಂದು ರೂಪಕ್ಕಾಗಿ ಮಾಡಿಸುವಂಥದ್ದು, ಇನ್ನೊಂದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮೊದಲಾದವುಗಳಿಗಾಗಿ ಮಾಡಿಸುವಂಥದ್ದು. ಕೇಂದ್ರದ ಹಣಕಾಸು ಸಚಿವರಾಗಿದ್ದ ಅರುಣ್ ಜೇಟ್ಲಿಯವರು 2014ರ ಸೆಪ್ಟೆಂಬರ್‌ನಲ್ಲಿ ಬೈಪಾಸ್ ಮಾಡಿಸಿಕೊಂಡದ್ದು ಬಹುಕಾಲದ ಮಧುಮೇಹಕ್ಕಾಗಿ. ಅದೇ ತಿಂಗಳ ಕೊನೆಗೆ ಅವರು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ದೇಶದ ಖಜಾನೆಯನ್ನು ನೋಡಿಕೊಳ್ಳುವವರಿಗೂ ಹೊಟ್ಟೆ ತನ್ನ ಲೆಕ್ಕದ ದಿನಗಳನ್ನು ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ಇದೊಂದು ದಾಖಲೆ.

ಯಾರಿಗೆ ಈ ಚಿಕಿತ್ಸೆ ಎಂಬುದನ್ನು ದೇಹತೂಕ ಸೂಚ್ಯಂಕದಿಂದ, ಅಂದರೆ ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕಿಯಿಂದ ನಿರ್ಧರಿಸುತ್ತಾರೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಸೂಚ್ಯಂಕ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟು ಮುಂತಾದವುಗಳಿದ್ದರೆ, ಸರಳವಾದ ಬೇರೆ ಉಪಾಯಗಳು ಫಲಿಸದೆ ವೈದ್ಯರೇ ಸೂಚಿಸಿದ ಶಸ್ತ್ರಚಿಕಿತ್ಸೆಯನ್ನು ಕಂಪನಿ ಬೊಜ್ಜಿನ ನೆಪವೊಡ್ಡಿ ತಳ್ಳಿಹಾಕುವಂತಿಲ್ಲ. ಕೇರಳದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರಲ್ಲಿ ಶೇಕಡ 38ರಷ್ಟು, ಗಂಡಸರಲ್ಲಿ ಶೇಕಡ 36ರಷ್ಟು ಮಂದಿಯ ಸೂಚ್ಯಂಕ 25ಕ್ಕೆ ಏರಿತ್ತು, ದೇಶದ ಸರಾಸರಿ ಹೆಂಗಸರಲ್ಲಿ ಶೇಕಡ 24, ಗಂಡಸರಲ್ಲಿ ಶೇಕಡ 23ರ ಆಸುಪಾಸು.

ಇನ್ನು ರಜೆ. ಕಚೇರಿಯಲ್ಲಿ ಕುಳಿತು ಮಾಡುವ ಕೆಲಸವಾದರೆ ಒಂದೆರಡು ವಾರ, ಮೈಬಗ್ಗಿಸಿ ಮಾಡುವ ಕೆಲಸವಾದರೆ ನಾಲ್ಕರಿಂದ ಆರು ವಾರ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಕೇರಳದ ಸರ್ಕಾರಿ ನೌಕರನಿಗೆ ಸೇವೆಯ ಪ್ರತಿ ವರ್ಷಕ್ಕೆ 20 ದಿನಗಳ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯರ ಸರ್ಟಿಫಿಕೇಟ್ ಇಟ್ಟು ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ತೆಗೆದುಕೊಳ್ಳಬಹುದು, ಆದರೆ ಹಾಗೆ ತೆಗೆದ ಒಂದೊಂದು ದಿನಕ್ಕೂ ಖಾತೆಯಿಂದ ಎರಡೆರಡು ದಿನ ಕಳೆಯುತ್ತದೆ. ಗಳಿಕೆ ರಜೆಯನ್ನು ಮುಟ್ಟಲು ಯಾರಿಗೂ ಮನಸ್ಸಿರುವುದಿಲ್ಲ, ಅದನ್ನು ಸರೆಂಡರ್ ಮಾಡಿದರೆ ಹಣ ಬರುತ್ತದೆಯಷ್ಟೆ. ಖಾಸಗಿ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿಯೊಳಗೆ ದುಡಿಯುವವನು ಇ.ಎಸ್.ಐ. ವಿಮೆಗೆ ಒಳಪಟ್ಟಿದ್ದು, ನಿಗದಿತ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಸರಾಸರಿ ಕೂಲಿಯ ಶೇಕಡ 70ರಷ್ಟು ಅನಾರೋಗ್ಯ ಭತ್ಯೆ ಪಡೆಯಬಹುದು. ದುಬೈಯಲ್ಲೋ ಅಬುಧಾಬಿಯಲ್ಲೋ ಇರುವ ಕಾಸರಗೋಡಿನವನಿಗೆ ಅಲ್ಲಿನ ಕಾನೂನು ವರ್ಷಕ್ಕೆ 90 ದಿನಗಳ ಅನಾರೋಗ್ಯ ರಜೆ ಕೊಡುತ್ತದೆ, ಅದರಲ್ಲಿ ಪೂರ್ತಿ ಸಂಬಳ ಸಿಗುವುದು ಮೊದಲ 15 ದಿನಕ್ಕೆ, ಮುಂದಿನ 30ಕ್ಕೆ ಅರ್ಧ, ಉಳಿದ 45ಕ್ಕೆ ಏನೂ ಇಲ್ಲ. ಹೀಗಾಗಿ ವಾರ್ಷಿಕ ರಜೆಯ 30 ದಿನಗಳಲ್ಲಿ ಊರಿಗೆ ಬಂದು, ಚಿಕಿತ್ಸೆಯನ್ನೂ ತಂಗಿಯ ಮದುವೆಯನ್ನೂ ಒಂದೇ ಟಿಕೆಟ್ಟಿನಲ್ಲಿ ಮುಗಿಸುವ ಯೋಜನೆಗಳು ಹುಟ್ಟುತ್ತವೆ. ಮದುವೆಯ ಊಟದ ಹೊತ್ತಿಗೆ ಆ ಯೋಜನೆಯ ದೋಷ ತಾನಾಗಿ ಗೊತ್ತಾಗುತ್ತದೆ.

ಶಾಲೆಯ ಅಧ್ಯಾಪಕರು ಈ ವಿಷಯದಲ್ಲಿ ಅದೃಷ್ಟವಂತರೆಂಬುದು ಉಳಿದವರ ನಂಬಿಕೆ. ಮಾರ್ಚ್ ಕೊನೆಗೆ ಬಾಗಿಲು ಹಾಕಿದ ಶಾಲೆ ತೆರೆಯುವುದು ಜೂನ್‌ಗೆ. ಏಪ್ರಿಲ್ ಮೊದಲ ವಾರದಲ್ಲಿ ಶಸ್ತ್ರಚಿಕಿತ್ಸೆಯಾದರೆ ಒಂದು ದಿನದ ರಜೆಯನ್ನೂ ಬರೆಯದೆ, ಯಾರಿಗೂ ಕಾರಣ ಹೇಳದೆ ಎರಡು ತಿಂಗಳು ಸಿಗುತ್ತದೆ. ಆದರೆ ಏಪ್ರಿಲ್–ಮೇ ಎಂದರೆ ಉಪನಯನ, ಮದುವೆ, ಮನೆಯೊಕ್ಕಲುಗಳ ಕಾಲ. ವಾರಕ್ಕೆರಡು ಜೆಂಬರ, ಮನೆಯಲ್ಲಿ ಮಾವಿನಹಣ್ಣು, ಅಟ್ಟದಲ್ಲಿ ಹಲಸಿನ ಹಪ್ಪಳ, ಹೊರಗೆ ಬೆವರು ಇಳಿಸುವ ಸೆಕೆ. ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಗುಟುಕು ಗುಟುಕಾಗಿ ಒಳಗಿಳಿಸಲೇ ಹೆಣಗುವವನಿಗೆ ಅದಕ್ಕಿಂತ ಕಷ್ಟದ ತಿಂಗಳು ಇನ್ನೊಂದಿಲ್ಲ.

ಅಡಿಕೆ ಕೃಷಿಕನ ರಜೆಗೆ ಸಹಿ ಹಾಕುವವರು ಯಾರೂ ಇಲ್ಲ, ಅದೇ ಅವನ ತೊಂದರೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಸಿಂಪಡಿಸಬೇಕು, ಸುಮಾರು ಒಂದೂವರೆ ತಿಂಗಳು ಕಳೆದು ಮತ್ತೊಮ್ಮೆ ಬಿಡಬೇಕು. ಮಳೆ ಬಿಟ್ಟ ಮೇಲೆ ಕೊಯ್ಲು, ಒಣಗಿಸುವುದು, ಸುಲಿಸುವುದು, ಬೇಸಗೆಯಲ್ಲಿ ನೀರು ಬಿಡುವುದು. ಲೆಕ್ಕ ಹಾಕಿದರೆ ಎರಡನೆಯ ಸಿಂಪಡಣೆಗೂ ಮೊದಲ ಕೊಯ್ಲಿಗೂ ನಡುವಿನ ಕೆಲವು ವಾರಗಳಷ್ಟೇ ಸಿಗುವುದು, ಅದು ಹೆಚ್ಚು ಕಡಿಮೆ ಯತಿಗಳ ಚಾತುರ್ಮಾಸ್ಯದ ಕೊನೆಯ ದಿನಗಳು. ಆಗ ಇನ್ನೊಂದು ಪೇಚು. ರಕ್ತ ಹೆಪ್ಪುಗಟ್ಟಿ ಕಾಲಿನಿಂದ ಶ್ವಾಸಕೋಶಕ್ಕೆ ಹರಿಯದಿರಲೆಂದು ಶಸ್ತ್ರಚಿಕಿತ್ಸೆಯ ದಿನದಿಂದಲೇ ನಡೆಯಬೇಕೆಂದು ವೈದ್ಯರು ಹೇಳಿರುತ್ತಾರೆ. ಆದರೆ ಮಳೆಗಾಲದ ಅಂಗಳದಲ್ಲಿ ಪಾಚಿ ಕಟ್ಟಿ, ಅಡಿಕೆ ಸೋಗೆ ಹಾಸಿದ ಓಣಿಯನ್ನು ಬಿಟ್ಟರೆ ಎಲ್ಲಿ ಕಾಲಿಟ್ಟರೂ ಜಾರುತ್ತದೆ. ಹಾಗಾಗಿ ನಡಿಗೆಯೆಲ್ಲ ಜಗಲಿಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ. ನೋಡಿದ ನೆರೆಯವರು, ಹುಷಾರಿಲ್ಲ ಎಂದು ಮಲಗಿದವನು ಗಡಿಯಾರದ ಲೋಲಕದ ಹಾಗೆ ಓಡಾಡುತ್ತಿದ್ದಾನಲ್ಲ ಎಂದು ಬೆರಗಾಗುವುದರಲ್ಲಿ ತಪ್ಪಿಲ್ಲ.

ಈ ಎಲ್ಲ ಲೆಕ್ಕಾಚಾರಗಳ ಮೂಲದಲ್ಲಿರುವ ಒಂದು ತಪ್ಪು ಊಹೆಯೆಂದರೆ, ರಜೆ ಗಾಯಕ್ಕಾಗಿ ಎಂಬುದು. ಗಾಯ ಬಹುಬೇಗ ಮಾಯುತ್ತದೆ. ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದವನಿಗೆ ಹೊಟ್ಟೆಗಿಂತ ಹೆಚ್ಚಾಗಿ ನೋಯುವುದು ಭುಜ, ಒಳಗೆ ತುಂಬಿದ್ದ ಅನಿಲದ ಶೇಷ ವಪೆಯನ್ನು ಕೆರಳಿಸುವುದರಿಂದ ಹುಟ್ಟುವ ನೋವು ಅದು. ಅದೂ ವಾರದೊಳಗೆ ಇಳಿಯುತ್ತದೆ. ಎರಡು ವಾರಕ್ಕೆ ಚರ್ಮದ ಮೇಲೆ ನಾಲ್ಕೈದು ಕಂದು ಚುಕ್ಕೆಗಳು ಮಾತ್ರ ಉಳಿಯುತ್ತವೆ. ನಿಜವಾಗಿ ರಜೆ ಬೇಕಾದದ್ದು ಬಾಯಿಗೆ. ಮೂವತ್ತು ನಲವತ್ತು ವರ್ಷ ಒಂದು ಬಗೆಯಲ್ಲಿ ಉಂಡ ಬಾಯಿ ಉಣ್ಣುವುದನ್ನು ಮೊದಲಿನಿಂದ ಕಲಿಯಬೇಕು, ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಯಾವ ರಜಾ ನಿಯಮವೂ ಈ ಕಲಿಕೆಯನ್ನು ಕಾಯಿಲೆಯೆಂದು ಪರಿಗಣಿಸಿಲ್ಲ.

ಕಲಿಕೆಯ ಕ್ರಮ ಹೀಗೆ. ಮೊದಲ ಒಂದೆರಡು ದಿನ ತಿಳಿ ದ್ರವ: ನೀರು, ಎಳನೀರು, ಸೋಸಿದ ಬೇಳೆಕಟ್ಟು. ಕೆಮ್ಮಿನ ಸಿರಪ್ ಬಾಟಲಿಯ ತಲೆಯ ಮೇಲೆ ಕವುಚಿಕೊಂಡಿರುವ ಗೆರೆ ಹಾಕಿದ ಪ್ಲಾಸ್ಟಿಕ್ ಲೋಟವೇ ಆಗಿನ ಊಟದ ಪಾತ್ರೆ. ಅದರಲ್ಲಿ 30 ಮಿಲಿಲೀಟರ್ ಸುರಿದು, ನಾಲಗೆಯ ಮೇಲೆ ಒಂದು ಕ್ಷಣ ನಿಲ್ಲಿಸಿ, ನುಂಗಿ, ಎದೆಯ ನಡುವೆ ಒತ್ತಿದಂತಾಗುತ್ತದೆಯೇ ಎಂದು ಗಮನಿಸಿ, ಹಾಗಾಗದಿದ್ದರೆ ಇನ್ನೊಂದು ಗುಟುಕು. ಇಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಆಮೇಲೆ ಎರಡು ವಾರ ಹಾಲು, ಮಜ್ಜಿಗೆ, ಪ್ರೊಟೀನ್ ಪುಡಿ ಕದಡಿದ ಪೇಯ. ಮುಂದೆ ಎರಡು ವಾರ ಅರೆದು ನುಣ್ಣಗಾದದ್ದು. ಅನಂತರ ಮೆತ್ತಗೆ ಬೆಂದದ್ದು. ಆರು ವಾರ ದಾಟಿದ ಮೇಲೆ ಮೆಲ್ಲಮೆಲ್ಲನೆ ಉಳಿದವರ ಊಟ. ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು, ಮುಗಿದ ಮೇಲೂ ಅರ್ಧ ಗಂಟೆ ತಡೆದಿರಬೇಕು, ಸೋಡಾದ ಹತ್ತಿರ ಹೋಗಬಾರದು. ಬೈಪಾಸ್ ಆದವನು ಆಸೆಗೆ ಎರಡು ಚಮಚ ಪಾಯಸ ತಿಂದರೆ ಸಕ್ಕರೆ ನೇರವಾಗಿ ಕರುಳಿಗೆ ಜಾರಿ, ಎದೆ ಬಡಿದುಕೊಂಡು, ಬೆವರಿ, ತಲೆ ಸುತ್ತಿ, ಹೊಟ್ಟೆ ಕಿವಿಚಿ ಮಲಗಿಸುತ್ತದೆ. ಇದಕ್ಕೆ ಡಂಪಿಂಗ್ ಎಂದು ಹೆಸರು, ಒಮ್ಮೆ ಅನುಭವಿಸಿದವರು ಪಾಯಸದ ಬಟ್ಟಲನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಆಯುರ್ವೇದದ ಪಂಚಕರ್ಮದ ಬಳಿಕ ಸಂಸರ್ಜನ ಕ್ರಮವೆಂಬ ಇಂಥದೇ ಏಣಿಯಿದೆ: ಪೇಯವೆಂಬ ನೀರುಗಂಜಿ, ವಿಲೇಪಿಯೆಂಬ ಗಟ್ಟಿಗಂಜಿ, ಯೂಷವೆಂಬ ಬೇಳೆಯ ಕಟ್ಟು, ಕೊನೆಗೆ ಮಾಂಸರಸ, ಹೀಗೆ ಹೆಚ್ಚೆಂದರೆ ಏಳು ದಿನಗಳಲ್ಲಿ ವಾಡಿಕೆಯ ಊಟಕ್ಕೆ ಏರಿಸುವುದು. ಚರಕಸಂಹಿತೆಯು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತರಲ್ಲಿ ಸೇರಿಸಿ, ಅವನಿಗೆ ಹೊಟ್ಟೆಗೆ ಭಾರವಾದರೂ ಪುಷ್ಟಿ ಕೊಡದ ಆಹಾರವನ್ನು ವಿಧಿಸುತ್ತದೆ. ಶಸ್ತ್ರಚಿಕಿತ್ಸೆಯಾದವನಿಗೆ ಬೇಕಾದದ್ದು ಇದರ ನೇರ ವಿರುದ್ಧ, ಹೊಟ್ಟೆಗೆ ಹಗುರವಾಗಿ ಪುಷ್ಟಿಯಲ್ಲಿ ಭಾರವಾದದ್ದು. ಹಳೆಯ ಅನುಭವವನ್ನು ನಂಬಿದ ಮನೆಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಜ್ವರವಿರಲಿ, ಹೊಟ್ಟೆ ಕೆಟ್ಟಿರಲಿ, ಕುಚ್ಚಲಕ್ಕಿ ಗಂಜಿಯ ತಿಳಿಗೆ ಒಂದು ಹರಳು ಉಪ್ಪು ಹಾಕಿ ಕೊಟ್ಟರೆ ಎಲ್ಲವೂ ನೇರ್ಪಾಗುತ್ತದೆಂಬುದು ಈ ಕರಾವಳಿಯ ಅಲಿಖಿತ ವೈದ್ಯಕೀಯ. ಆದರೆ ಆ ತಿಳಿಯಲ್ಲಿ ಪ್ರೊಟೀನು ಇಲ್ಲವೆನ್ನುವಷ್ಟು ಕಡಿಮೆ, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಸಿಗದಿದ್ದರೆ ದೇಹ ಕೊಬ್ಬಿನೊಂದಿಗೆ ತನ್ನ ಸ್ನಾಯುಗಳನ್ನೂ ಕರಗಿಸಿಕೊಳ್ಳುತ್ತದೆ. ಅಷ್ಟನ್ನೂ ಹಾಲಿನಿಂದಲೇ ಪಡೆಯುವುದಾದರೆ ಹತ್ತಿರ ಹತ್ತಿರ ಎರಡು ಲೀಟರ್ ಬೇಕು, ಬಾಳೆಕಾಯಿ ಗಾತ್ರದ ಹೊಟ್ಟೆಯ ಅಳವಿಗೆ ಮೀರಿದ ಮಾತು ಅದು. ಆದ್ದರಿಂದಲೇ ಹಾಲು ಒಡೆದಾಗ ಉಳಿಯುವ ನೀರನ್ನು ಒಣಗಿಸಿ ಮಾಡಿದ ವೇ ಪ್ರೊಟೀನ್ ಡಬ್ಬಿ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಬಂದು ಕೂರುತ್ತದೆ, ಅತ್ತೆಯ ಸಂಶಯದ ಕಣ್ಣು ಅದರ ಮೇಲೆ ಸದಾ ಇರುತ್ತದೆ.

ವ್ರತನಿಷ್ಠರ ಮನೆಯಾದರೆ ಸಂಗತಿ ಇನ್ನೂ ಸೂಕ್ಷ್ಮ. ಚಾತುರ್ಮಾಸ್ಯವನ್ನು ಪೂರ್ತಿ ನಾಲ್ಕು ತಿಂಗಳು ಆಚರಿಸುವವರು ಮೊದಲ ತಿಂಗಳು ತರಕಾರಿಯನ್ನು, ಎರಡನೆಯದರಲ್ಲಿ ಮೊಸರನ್ನು, ಮೂರನೆಯದರಲ್ಲಿ ಹಾಲನ್ನು, ನಾಲ್ಕನೆಯದರಲ್ಲಿ ದ್ವಿದಳವನ್ನು, ಅಂದರೆ ಎರಡು ಹೋಳಾಗುವ ಬೇಳೆಕಾಳುಗಳನ್ನು ಬಿಡುತ್ತಾರೆ. ಮಾಂಸ ಮೊಟ್ಟೆಗಳನ್ನು ಮುಟ್ಟದವನಿಗೆ ಪ್ರೊಟೀನಿನ ಆಧಾರವಾದ ಮೂರು ಕಂಬಗಳನ್ನೂ ಒಂದಾದ ಮೇಲೊಂದರಂತೆ ಕಳಚುವ ಈ ವ್ರತವೂ, ಆಹಾರತಜ್ಞೆ ಬರೆದುಕೊಟ್ಟ ಪಟ್ಟಿಯೂ ಒಂದೇ ಅಡುಗೆಮನೆಯಲ್ಲಿ ಸೇರಿದರೆ ಯಾವುದಾದರೂ ಒಂದು ಸೋಲಲೇಬೇಕು. ರೋಗಿಗೆ, ಬಾಲರಿಗೆ, ವೃದ್ಧರಿಗೆ ವ್ರತದಿಂದ ವಿನಾಯಿತಿ ಕೊಡುವ ಔದಾರ್ಯ ಸಂಪ್ರದಾಯದಲ್ಲಿಯೇ ಇದೆ. ಆದರೆ ವಿನಾಯಿತಿ ಕೇಳಬೇಕಾದರೆ ಕಾಯಿಲೆ ಯಾವುದೆಂದು ಹೇಳಬೇಕು, ಹರ್ನಿಯಾ ಎಂದು ಹೇಳಿ ತಿಂಗಳುಗಟ್ಟಲೆ ಮೊಸರು ತಿನ್ನುವುದನ್ನು ಸಮರ್ಥಿಸಲಾಗದು.

ಗೃಹಿಣಿಯ ಪಾಡನ್ನು ಮೇಲಿನ ಯಾವ ರಜೆಯ ಲೆಕ್ಕವೂ ಮುಟ್ಟುವುದಿಲ್ಲ. ಬಾಣಂತನದ ತುಪ್ಪ, ಲೇಹ್ಯ, ಮೇಲಿಂದ ಮೇಲೆ ಊಟ, ಅದರಲ್ಲಿ ಬಂದು ಸೇರಿದ ಮೈಯನ್ನು ಇಳಿಸಲು ಆಸ್ಪತ್ರೆಗೆ ಹೋದವಳಿಗೆ ಬಾಣಂತನದಂಥ ವಿಶ್ರಾಂತಿ ಯಾರೂ ಕೊಡುವುದಿಲ್ಲ. ಆರು ವಾರ ಭಾರ ಎತ್ತಬಾರದು ಎಂದಿರುತ್ತಾರೆ. ಆದರೆ ತುಂಬಿದ ಕೊಡಪಾನ, ಅಕ್ಕಿಯ ಗೋಣಿ, ಅನಿಲವೇ 14.2 ಕಿಲೋ ಇರುವ ಸಿಲಿಂಡರ್, ಸೊಂಟಕ್ಕೇರಲು ಕೈಚಾಚುವ ಮಗು, ಮನೆಯಲ್ಲಿ ಎತ್ತಬೇಕಾದದ್ದೆಲ್ಲ ಅವಳ ಪಾಲಿಗೇ ಬಂದದ್ದು. ಅದಕ್ಕಿಂತ ಕಷ್ಟದ್ದು ಒಲೆಯ ಮುಂದಿನ ಕೆಲಸ. ತಾನು ನೀರುಮಜ್ಜಿಗೆಯ ಹಂತದಲ್ಲಿರುವಾಗ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಮೇಲಾರಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಅಂಗೈಗೆ ಒಂದು ಹನಿ ಹಾಕಿ ನೆಕ್ಕಿ ನೋಡಿ, ಉಳಿದವರಿಗೆ ಬಡಿಸುವುದು ಸಣ್ಣ ತಪಸ್ಸಲ್ಲ. ಜಠರದ ಕತ್ತರಿಸಿ ತೆಗೆದ ಭಾಗವೇ ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುವಂಥದ್ದಾದ್ದರಿಂದ ಹೊಟ್ಟೆಯ ಹಸಿವು ಅವಳನ್ನು ಅಷ್ಟಾಗಿ ಕಾಡುವುದಿಲ್ಲ. ಮೂಗಿನ ಹಸಿವಿಗೆ ಮಾತ್ರ ಯಾವ ಶಸ್ತ್ರಚಿಕಿತ್ಸೆಯೂ ಇಲ್ಲ.

ಮನೆಯಲ್ಲಿ ಮಲಗುವ ಈ ವಾರಗಳಿಗೆ ಎಡನೀರಿನಂಥ ಗಡಿಯ ಊರಿನಲ್ಲಿ ಇನ್ನೊಂದು ಚಿಂತೆಯಿದೆ. ಪಿನ್ನು ಬಿಗಿದ ಸಾಲಿನಲ್ಲಿ ಸೋರಿಕೆಯಾಗುವುದು ಅಪರೂಪವಾದರೂ, ಆಗುವುದಾದರೆ ಬಹುಪಾಲು ಮೊದಲ ಕೆಲವು ವಾರಗಳಲ್ಲಿಯೇ. ಜ್ವರ, ನಿಂತಲ್ಲೇ ಓಡುವ ನಾಡಿ, ತಡೆಯದ ಹೊಟ್ಟೆನೋವು ಕಂಡರೆ ಶಸ್ತ್ರಚಿಕಿತ್ಸೆ ಮಾಡಿದವರ ಬಳಿಗೇ ಓಡಬೇಕು. ಕಾಸರಗೋಡಿನಿಂದ ಐವತ್ತು ಕಿಲೋಮೀಟರಿನಾಚೆಯ ಮಂಗಳೂರು ಈ ಜಿಲ್ಲೆಯ ಕನ್ನಡಿಗರಿಗೂ ಮಲಯಾಳಿಗಳಿಗೂ ಹಿಂದಿನಿಂದಲೂ ಆಸ್ಪತ್ರೆಯ ಊರು. ಆದರೆ 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿದಾಗ ಆ್ಯಂಬುಲೆನ್ಸ್‌ಗಳು ಹಿಂದಿರುಗಿ, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡು, ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನವರೆಗೆ ಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಎಡನೀರಿನ ಮುಂದೆ ಹಾದುಹೋಗುವ ರಸ್ತೆಯಲ್ಲೇ ಬದಿಯಡ್ಕ ದಾಟಿದರೆ ಸಿಗುವ ಉಕ್ಕಿನಡ್ಕದಲ್ಲಿ, 2013ರಲ್ಲಿ ಶಿಲಾನ್ಯಾಸವಾಗಿ ಅರ್ಧಕ್ಕೇ ನಿಂತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆಗಲೇ, ಆ ಏಪ್ರಿಲ್‌ನಲ್ಲಿ, ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು. ಬಾಡಿಗೆ ಕಾರಿನವನ ನಂಬರನ್ನು ರೋಗಿಯ ದಿಂಬಿನ ಬಳಿ ಬರೆದಿಡುವ ಮನೆಯವರ ಎಚ್ಚರಿಕೆಗೆ ಇಲ್ಲಿ ಇತಿಹಾಸದ ಬೆಂಬಲವಿದೆ.

ರಜೆ ಮುಗಿದು ಕೆಲಸಕ್ಕೆ ಮರಳುವ ದಿನ ಕೈಯಲ್ಲಿರುವುದು ಫಿಟ್‌ನೆಸ್ ಸರ್ಟಿಫಿಕೇಟ್. ಇಂಥವರು ಇಂಥ ದಿನದಿಂದ ಕೆಲಸಕ್ಕೆ ಯೋಗ್ಯರು ಎಂಬ ಒಂದು ಸಾಲು. ಕೇರಳದ ಸರ್ಕಾರಿ ಕಚೇರಿಯಲ್ಲಿ ಊಟದ ಬಿಡುವು ಒಂದೂಕಾಲರಿಂದ ಎರಡು ಗಂಟೆಯವರೆಗೆ. ದಿನಕ್ಕೆ ಆರು ಬಾರಿ ಹಿಡಿಯಷ್ಟು ತಿನ್ನಬೇಕಾದ, ಒಂದು ಹಿಡಿಗೆ ಅರ್ಧ ಗಂಟೆ ತಗಲುವ, ಅದರ ಹಿಂದೆ ಮುಂದೆ ನೀರು ಕುಡಿಯದೆ ಉಳಿದ ಹೊತ್ತೆಲ್ಲ ಗುಟುಕರಿಸುತ್ತಿರಬೇಕಾದ ಹೊಟ್ಟೆ ಈ ವೇಳಾಪಟ್ಟಿಗೆ ಹೊಂದುವುದಿಲ್ಲ. ಮೇಜಿನ ಮೇಲೆ ನೀರಿನ ಬಾಟಲಿ, ಸೆಳೆಖಾನೆಯಲ್ಲಿ ಪನೀರಿನ ತುಂಡುಗಳ ಡಬ್ಬಿ, ಕಡತ ಹುಡುಕುವ ನೆಪದಲ್ಲಿ ಒಂದು ತುಂಡು ಬಾಯಿಗೆ. ತರಗತಿಯಲ್ಲಿ ನಿಂತು ಮಾತನಾಡುವ ಅಧ್ಯಾಪಕನಿಗೆ ಈ ನೆಪವೂ ಇಲ್ಲ. ಹಗುರ ಕೆಲಸ, ಮೊದಲ ತಿಂಗಳು ಅರ್ಧ ದಿನದ ಹಾಜರಿ, ತಿನ್ನಲು ಸಣ್ಣ ಬಿಡುವುಗಳು, ಇವನ್ನು ವೈದ್ಯರು ಆ ಒಂದು ಸಾಲಿನ ಕೆಳಗೆ ಬರೆದುಕೊಟ್ಟರೆ ಯಾವ ಮೇಲಧಿಕಾರಿಯೂ ಹರಿದು ಬಿಸಾಡಲಾರ. ಬರೆಯುವವರು ಕಡಿಮೆ, ಕೇಳುವವರು ಅದಕ್ಕಿಂತ ಕಡಿಮೆ. ರಜಾ ಅರ್ಜಿಯನ್ನು ಪರಿಶೀಲಿಸುವ ಗುಮಾಸ್ತರು ಮುಂದಿನ ಭಾನುವಾರ ಯಾವುದೋ ಗೃಹಪ್ರವೇಶದಲ್ಲಿ ಪಕ್ಕದ ಎಲೆಯಲ್ಲಿಯೇ ಕುಳಿತಿರುತ್ತಾರೆಂಬ ಭಯ ಅದಕ್ಕೆ ಕಾರಣ.

ಮುಚ್ಚಿಟ್ಟದ್ದು ಹೆಚ್ಚು ದಿನ ನಿಲ್ಲುವುದೂ ಇಲ್ಲ. ಒಂದು ಒಂದೂವರೆ ವರ್ಷದಲ್ಲಿ ದೇಹದ ತೂಕದ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಮಿಕ್ಕಿ ಇಳಿಯುತ್ತದೆ. ಮೂರನೆಯ ತಿಂಗಳಿನಿಂದ ಕೂದಲೂ ಉದುರತೊಡಗಿ, ಪುನಃ ಹುಟ್ಟುವವರೆಗೆ ಬಾಚಣಿಗೆ ಕೈಗೆತ್ತಿಕೊಳ್ಳಲು ಹೆದರಿಕೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡವರು, "ಎಂತ ಮಾರಾಯ್ರೆ, ಇಷ್ಟು ಸಪೂರ ಆದದ್ದು? ಶುಗರ್ ಉಂಟಾ?" ಎಂದು ಕೇಳುತ್ತಾರೆ. ಶುಗರ್ ಇತ್ತು, ಈಗ ಮಾತ್ರೆ ಬಿಟ್ಟಾಗಿದೆ ಎಂಬ ನಿಜವನ್ನು ಹೇಳುವಂತಿಲ್ಲ, ಉಂಟು ಎಂದರೆ ಹಾಗಲಕಾಯಿ ರಸದ ಸಲಹೆಯಿಂದ ಬಿಡುಗಡೆಯಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆಗಳಂತೂ ಜೀವನಪರ್ಯಂತ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆಗೆಂದು ಇನ್ನೊಂದು ಸಾಂದರ್ಭಿಕ ರಜೆ.

ಜೆಂಬರದ ಪಂಕ್ತಿಯೇ ಕೊನೆಯ ಪರೀಕ್ಷೆ. ಬಾಳೆಲೆಯ ಮುಂದೆ ಕುಳಿತವನು ಪಂಕ್ತಿ ಏಳುವ ತನಕ ಏಳುವಂತಿಲ್ಲ, ಎಲೆಯಲ್ಲಿ ಬಿಡುವಂತಿಲ್ಲ, ಬಡಿಸುವ ಬಂಧುಗಳ ಒತ್ತಾಯಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಲ್ಲಿ ಹೋಳಿಗೆ ಬೀಳುತ್ತದೆ. ಮನೆಯ ಯಜಮಾನರು ಬಂದು "ಎಂತದೂ ಉಣ್ಣಲಿಲ್ಲವಲ್ಲ, ಅಡುಗೆ ಹಿಡಿಸಲಿಲ್ಲವಾ" ಎಂದು ಕೇಳಿದರೆ ಕೊಡಲು ಉತ್ತರವಿರುವುದಿಲ್ಲ. ಇತ್ತೀಚೆಗೆ ಕಲ್ಯಾಣಮಂಟಪಗಳಲ್ಲಿ ಪಂಕ್ತಿಯ ಪಕ್ಕದಲ್ಲೇ ಬಫೆಯ ಮೇಜುಗಳನ್ನೂ ಹಾಕುತ್ತಾರೆ, ಭಿಕ್ಷುಕರ ಹಾಗೆ ತಟ್ಟೆ ಹಿಡಿದು ನಿಂತು ತಿನ್ನುವುದೆಂದು ಹಿರಿಯರು ಅದನ್ನು ಬೈಯುತ್ತಾರೆ. ಬೈಗುಳಕ್ಕೆ ಕಾರಣವಿಲ್ಲದಿಲ್ಲ, ಆದರೆ ಆ ಸಾಲಿನಲ್ಲಿ ನಿಂತವನು ಎರಡು ಚಮಚ ಮೊಸರು, ಒಂದಿಷ್ಟು ಕೋಸಂಬರಿ ಹಾಕಿಕೊಂಡು, ಮೂಲೆಯ ಫ್ಯಾನಿನ ಕೆಳಗೆ ಹೋಗಿ, ಪರಿಚಯದವರೊಡನೆ ಅಡಿಕೆ ಧಾರಣೆಯ ಮಾತಾಡುತ್ತಾ ಮುಕ್ಕಾಲು ಗಂಟೆ ಅಗಿದರೂ ಯಾರೂ ಅವನ ತಟ್ಟೆಯನ್ನು ಇಣುಕಿ ನೋಡುವುದಿಲ್ಲ.